ಕಣವೂ ಅಖಾಡವೂ: ನಿವೃತ್ತ ಕ್ರೀಡಾಪಟುಗಳ ಚುನಾವಣಾ ಪ್ರವೇಶವನ್ನು ಕುರಿತ ಒಂದು ವಿಮರ್ಶೆ

೧

ಆಟದಿಂದ ನಿವೃತ್ತರಾದ ಪ್ರಸಿದ್ಧ ಕ್ರೀಡಾಪಟುಗಳು ವಿಧಾನಸಭೆಗೋ ಲೋಕಸಭೆಗೋ ಉಮೇದುವಾರರಾಗಿ ನಿಲ್ಲುವುದು ನಮ್ಮ ದೇಶದಲ್ಲಿ ಈಗ ಅಪೂರ್ವ ಸಂಗತಿಯಾಗಿ ಉಳಿದಿಲ್ಲ. ಚುನಾವಣೆ ಸಮೀಪಿಸಿದಾಗಲೆಲ್ಲ ಇಂಥವರ ಹೆಸರುಗಳು ಪತ್ರಿಕೆಗಳಲ್ಲಿ ತೇಲಿಬರುತ್ತವೆ. ಕೆಲವರು ನಿಲ್ಲುತ್ತಾರೆ, ಕೆಲವರು ನಿರಾಕರಿಸುತ್ತಾರೆ, ಇನ್ನು ಕೆಲವರು ನಿಲ್ಲದೆಯೂ ನಿರಾಕರಿಸದೆಯೂ ಕಾಲ ಕಳೆಯುತ್ತಾರೆ. ಈ ವಿಷಯವಾಗಿ ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ದೇಶಕ್ಕೆ ಕೀರ್ತಿ ತಂದವನು ದೇಶದ ಆಡಳಿತಕ್ಕೂ ಅರ್ಹನೆಂಬುದು ಒಂದು. ಆಟಗಾರನಿಗೆ ರಾಜಕಾರಣದ ಗಂಧವೇ ಇರಲಾರದೆಂಬುದು ಇನ್ನೊಂದು. ಇವೆರಡೂ ವ್ಯಕ್ತಿಯನ್ನು ಮಾತ್ರ ನೋಡುತ್ತವೆ. ಆಟದಿಂದ ಬರುವ ಕೀರ್ತಿಯ ಸ್ವರೂಪವೇನು, ಪ್ರಾತಿನಿಧ್ಯದ ಸ್ವರೂಪವೇನು, ಮೊದಲನೆಯದು ಎರಡನೆಯದಾಗಿ ಮಾರ್ಪಡಬಲ್ಲುದೆ ಎಂಬ ಪ್ರಶ್ನೆಗಳನ್ನು ಎರಡು ಪಕ್ಷದವರೂ ಕೇಳಿಕೊಂಡಂತೆ ಕಾಣುವುದಿಲ್ಲ. ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಗಳನ್ನು ಬೀದರ ನಗರ, ಭಾಲ್ಕಿ ಮತ್ತು ಔರಾದ ಕ್ಷೇತ್ರಗಳನ್ನು ಕಣ್ಣೆದುರಿಗೆ ಇರಿಸಿಕೊಂಡು ಪರೀಕ್ಷಿಸಲಾಗಿದೆ.

ಈ ಮೂರು ಕ್ಷೇತ್ರಗಳನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಬೀದರ ಜಿಲ್ಲೆ ೧೯೫೬ರ ನವೆಂಬರಿನವರೆಗೆ ಹೈದರಾಬಾದು ಸಂಸ್ಥಾನಕ್ಕೂ ರಾಜ್ಯಕ್ಕೂ ಸೇರಿದ್ದಿತು. ಇಂದಿಗೂ ಇಲ್ಲಿಂದ ಹೈದರಾಬಾದು ನೂರೈವತ್ತು ಕಿಲೋಮೀಟರಿಗಿಂತ ಕಡಮೆ ದೂರದಲ್ಲಿದ್ದರೆ ಬೆಂಗಳೂರು ಏಳುನೂರರ ಸಮೀಪದಲ್ಲಿದೆ. ಇಲ್ಲಿಯ ಮತದಾರನು ಬಲ್ಲ ಕ್ರೀಡಾತಾರೆಗಳು ಬಹುಮಟ್ಟಿಗೆ ದೂರದ ನಗರಗಳವರು. ಇತ್ತ ಶಾಸಕನಿಂದ ನಿರೀಕ್ಷಿತವಾದ ಕೆಲಸವೋ ಭಾರವಾದುದು. ಸಂವಿಧಾನದ ೯೮ನೆಯ ತಿದ್ದುಪಡಿಯಿಂದ ೩೭೧ (ಜೆ) ವಿಧಿ ಸೇರಿ, ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ಶಿಕ್ಷಣ ಉದ್ಯೋಗಗಳಲ್ಲಿ ಮೀಸಲಾತಿಯೂ ಒದಗಿದ ಮೇಲೆ, ಹಂಚಿಕೆಯ ಲೆಕ್ಕವನ್ನು ಕೇಳಿ ಪಡೆಯಬಲ್ಲ ಪ್ರತಿನಿಧಿಯ ಅಗತ್ಯ ಹೆಚ್ಚಾಗಿದೆ. ಇಂಥ ಕ್ಷೇತ್ರವೊಂದು ಅಲಂಕಾರಕ್ಕಾಗಿ ಒಬ್ಬನನ್ನು ಆರಿಸಿದರೆ ಅದರ ಬೆಲೆಯನ್ನು ಐದು ವರ್ಷ ತೆರಬೇಕಾಗುತ್ತದೆ.

೨

ಮೊದಲು ಭಾಷೆಯನ್ನು ನೋಡಬೇಕು. ನಮ್ಮ ಪತ್ರಿಕೆಗಳು ಚುನಾವಣೆಯನ್ನು ವರ್ಣಿಸುವ ಮಾತುಗಳಲ್ಲಿ ಹೆಚ್ಚಿನವು ಗರಡಿಯಿಂದ ಬಂದವು. ಉಮೇದುವಾರನು 'ಅಖಾಡಕ್ಕೆ ಇಳಿಯುತ್ತಾನೆ', 'ತೊಡೆ ತಟ್ಟುತ್ತಾನೆ', 'ಪಟ್ಟು ಹಾಕುತ್ತಾನೆ', ಎದುರಾಳಿಗೆ 'ಮಣ್ಣು ಮುಕ್ಕಿಸುತ್ತಾನೆ'. ವೀರ, ಗಟ್ಟಿಗ ಎಂಬ ಅರ್ಥದ 'ಹುರಿಯಾಳು' ಎಂಬ ಹಳೆಯ ಮಾತು ಈಗ ಪಕ್ಷದ ಅಭ್ಯರ್ಥಿ ಎಂಬ ಅರ್ಥದಲ್ಲಿಯೇ ಹೆಚ್ಚಾಗಿ ಬಳಕೆಯಲ್ಲಿದೆ. ಈ ರೂಪಕಗಳಿಗೆ ಓದುಗನು ಎಷ್ಟು ಒಗ್ಗಿಹೋಗಿದ್ದಾನೆಂದರೆ ಅವು ರೂಪಕಗಳೆಂಬುದೇ ಅವನಿಗೆ ಮರೆತುಹೋಗಿದೆ. ಚುನಾವಣೆ ನಿಜವಾಗಿಯೂ ಅಖಾಡವೇ ಆದರೆ ಅಲ್ಲಿ ಗೆಲ್ಲಲು ಜಟ್ಟಿಗಿಂತ ತಕ್ಕವನು ಯಾರು? ಹೀಗೆ, ಸಿದ್ಧಾಂತವಾಗಬೇಕಾದ ವಿಷಯವನ್ನು ರೂಪಕವು ಮೊದಲೇ ಸಿದ್ಧವೆಂದು ಹಿಡಿದುಬಿಡುತ್ತದೆ.

ಕ್ರಿಕೆಟಿನಿಂದ ಬಂದ 'ಎರಡನೆಯ ಇನಿಂಗ್ಸ್' ಎಂಬ ಮಾತು ಇನ್ನೂ ಸೂಕ್ಷ್ಮವಾಗಿ ಮೋಸಮಾಡುತ್ತದೆ. ಕ್ರಿಕೆಟಿನಲ್ಲಿ ಎರಡನೆಯ ಇನಿಂಗ್ಸು ಮೊದಲನೆಯದರ ಮುಂದುವರಿಕೆ. ಪಂದ್ಯ ಒಂದೇ, ಎದುರಾಳಿ ಒಬ್ಬನೇ. ಮೊದಲು ಗಳಿಸಿದ ರನ್ನುಗಳು ಆಮೇಲೆ ಗಳಿಸಿದವುಗಳೊಡನೆ ಕೂಡಿಕೊಳ್ಳುತ್ತವೆ. ಆಟಗಾರನ ರಾಜಕೀಯ ಪ್ರವೇಶವನ್ನು ಈ ಹೆಸರಿನಿಂದ ಕರೆದವರು, ಅವನ ಹಳೆಯ ಗಳಿಕೆ ಹೊಸ ಲೆಕ್ಕಕ್ಕೆ ಸೇರುತ್ತದೆ ಎಂದು ವಾದಿಸದೆಯೇ ಸಾಧಿಸಿದಂತಾಗುತ್ತದೆ. ವಾಸ್ತವದಲ್ಲಿ ಹಾಗೆ ಸೇರುವುದಿಲ್ಲ. ಭಾರತದ ಅತ್ಯಂತ ತರುಣ ಟೆಸ್ಟ್ ನಾಯಕರೆನಿಸಿದ್ದ ಮನ್ಸೂರ್ ಅಲಿ ಖಾನ್ ಪಟೌಡಿಯವರು ೧೯೭೧ರಲ್ಲಿ ಗುಡಗಾಂವದಿಂದಲೂ ೧೯೯೧ರಲ್ಲಿ ಭೋಪಾಳದಿಂದಲೂ ಲೋಕಸಭೆಗೆ ನಿಂತು ಎರಡು ಸಲವೂ ಸೋತರು. ನವಾಬಗಿರಿಯ ಹೆಸರೂ ಆಟದ ಹೆಸರೂ ಕೂಡಿದ್ದರೂ ಫಲ ಬೇರೆಯಾಯಿತು.

ಆಟಕ್ಕೂ ಪ್ರಾತಿನಿಧ್ಯಕ್ಕೂ ಇರುವ ಭೇದಗಳಲ್ಲಿ ಮೂರನ್ನು ಮುಖ್ಯವಾಗಿ ಎಣಿಸಬಹುದು. ಆಟದ ಸಾಧನೆ ಮುಗಿದ ಸಂಗತಿ. ಅದರ ಅಂಕಿಗಳನ್ನು ಇನ್ನು ಯಾರೂ ಬದಲಿಸಲಾರರು. ಪ್ರತಿನಿಧಿಯ ಕೆಲಸ ಎಂದೂ ಮುಗಿಯದ ಸಂಗತಿ. ಆಟದ ಕೀರ್ತಿಗೆ ಊರಿಲ್ಲ. ಔರಾದದವನೂ ಚಾಮರಾಜನಗರದವನೂ ಒಬ್ಬನೇ ಆಟಗಾರನನ್ನು ತಮ್ಮವನೆನ್ನುತ್ತಾರೆ. ಪ್ರಾತಿನಿಧ್ಯಕ್ಕಾದರೋ ಎಲ್ಲೆಕಟ್ಟುಗಳಿವೆ. ದೇಶದ ಪರವಾಗಿ ಆಡುವವನು ದೇಶದೊಳಗಿನ ಜಗಳಗಳಲ್ಲಿ ಪಕ್ಷ ವಹಿಸಬೇಕಾಗಿಲ್ಲ. ಶಾಸಕನು ನೀರು, ಭೂಮಿ, ಕೂಲಿ, ಮೀಸಲಾತಿಗಳ ವಿಷಯದಲ್ಲಿ ಪಕ್ಷ ವಹಿಸದೆ ಒಂದು ದಿನವೂ ಇರಲಾರನು. ಎಲ್ಲರಿಗೂ ಸೇರಿದವನೆಂಬುದೇ ಯಾವನ ಬಂಡವಾಳವೋ ಅವನು ಚುನಾವಣೆಗೆ ನಿಂತ ಮರುಕ್ಷಣದಿಂದ ಆ ಬಂಡವಾಳವನ್ನೇ ವ್ಯಯಮಾಡತೊಡಗಬೇಕಾಗುತ್ತದೆ.

೩

ಈ ವಿವೇಚನೆಗೆ ಮೊದಲ ಹಾಗೂ ಕಠಿನತಮ ನಿದರ್ಶನ ಕನ್ನಡ ನಾಡಿನಲ್ಲಿ ಹುಟ್ಟಿದವರೊಬ್ಬರದೇ ಆಗಿದೆ. ಪಾಲ್ವಂಕರ್ ಬಾಳೂ ಅವರು ೧೮೭೦ರ ದಶಕದಲ್ಲಿ ಧಾರವಾಡದಲ್ಲಿ ಚಮ್ಮಾರ ಕುಟುಂಬದಲ್ಲಿ ಜನಿಸಿದರು. ಪುಣೆಯಲ್ಲಿ ಯುರೋಪಿಯನ್ನರ ಕ್ಲಬ್ಬಿನ ಮೈದಾನ ನೋಡಿಕೊಳ್ಳುವ ಕೆಲಸಕ್ಕೆ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳದ ಮೇಲೆ ಸೇರಿ, ಬ್ಯಾಟಿನ ಅಭ್ಯಾಸ ಮಾಡುವ ಆಂಗ್ಲರಿಗೆ ಚೆಂಡೆಸೆಯುತ್ತ ಎಸೆಯುತ್ತ ದೇಶದ ಶ್ರೇಷ್ಠ ನಿಧಾನಗತಿಯ ಬೌಲರರಾದರು. ೧೯೧೧ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ಟುಗಳನ್ನು ಪಡೆದರು. ಹಿಂದೂ ತಂಡಕ್ಕೆ ಅವರ ಎಡಗೈ ಬೇಕಾಗಿದ್ದಿತು. ಪಂಕ್ತಿಯಲ್ಲಿ ಅವರು ಬೇಕಾಗಿರಲಿಲ್ಲ. ಚಹವನ್ನು ಪೆವಿಲಿಯನ್ನಿನ ಹೊರಗೆ ಬೇರೆಯ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ನಾಯಕತ್ವ ಅವರಿಗೆ ದೊರೆಯಲೇ ಇಲ್ಲ. ಅದು ೧೯೨೩ರಲ್ಲಿ ಅವರ ತಮ್ಮ ವಿಠ್ಠಲರಿಗೆ ದೊರೆಯಿತು. ಈ ವೃತ್ತಾಂತವನ್ನು ಇತಿಹಾಸಕಾರ ರಾಮಚಂದ್ರ ಗುಹಾ ಅವರು ಭಾರತದ ಕ್ರಿಕೆಟಿನ ಸಾಮಾಜಿಕ ಚರಿತ್ರೆಯನ್ನು ಕುರಿತ ೨೦೦೨ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದ್ದಾರೆ.

ಬಾಳೂ ಅವರು ೧೯೩೨ರ ಪುಣೆ ಒಪ್ಪಂದದ ವ್ಯವಹಾರದಲ್ಲಿ ಪಾಲುಗೊಂಡರು. ೧೯೩೭ರ ಮುಂಬಯಿ ವಿಧಾನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸು ಅವರನ್ನು ಡಾ. ಬಿ. ಆರ್. ಅಂಬೇಡ್ಕರರ ಎದುರಿಗೆ ನಿಲ್ಲಿಸಿತು. ಅಂಬೇಡ್ಕರರಿಗೆ ಹದಿಮೂರು ಸಾವಿರಕ್ಕೂ ಹೆಚ್ಚು ಮತಗಳು ಬಂದವು. ಬಾಳೂ ಅವರಿಗೆ ಹನ್ನೊಂದು ಸಾವಿರಕ್ಕೂ ಹೆಚ್ಚು. ಅಂತರ ಸುಮಾರು ಎರಡು ಸಾವಿರ.

ಇದನ್ನು ಕೇವಲ ಆಟಗಾರನೊಬ್ಬನ ಸೋಲೆಂದು ಓದುವುದು ಸರಿಯಲ್ಲ. ಬಾಳೂ ಅವರ ಆಟ ಬರಿಯ ಆಟವಾಗಿರಲಿಲ್ಲ; ಅಸ್ಪೃಶ್ಯನು ಕೀಳೆಂಬ ನಂಬಿಕೆಯನ್ನು ಅದು ಸಾವಿರಾರು ಜನರ ಕಣ್ಣೆದುರಿಗೆ ಸುಳ್ಳುಮಾಡಿತ್ತು. ಹೀಗೆ ಸ್ವಭಾವದಿಂದಲೇ ರಾಜಕೀಯವಾಗಿದ್ದ ಆಟದ ಕೀರ್ತಿ ಸಹ ಸೋತಿತೆಂಬುದು ಇಲ್ಲಿಯ ಮುಖ್ಯಾಂಶ. ಬಾಳೂ ಅವರು ಅನ್ಯಾಯವನ್ನು ತಮ್ಮ ಬಾಳಿನಿಂದ ತೋರಿಸಿದ್ದರು. ಅಂಬೇಡ್ಕರರು ಅದೇ ಅನ್ಯಾಯವನ್ನು ಕಾರ್ಯಕ್ರಮವಾಗಿ, ಸಂಘಟನೆಯಾಗಿ, ಕಾನೂನಿನ ಬೇಡಿಕೆಯಾಗಿ ಪರಿವರ್ತಿಸಿದ್ದರು. ಮತದಾರರಲ್ಲಿ ಹೆಚ್ಚಿನವರು ನಿದರ್ಶನಕ್ಕಿಂತ ಕಾರ್ಯಕ್ರಮವನ್ನು ಆರಿಸಿದರು. ಆದರೂ ಅಂತರ ಅಲ್ಪವಾದುದೆಂಬುದನ್ನು ಮರೆಯಲಾಗದು. ಕಾಂಗ್ರೆಸ್ಸಿನ ಬಲ ಬೆನ್ನಿಗಿದ್ದುದು ನಿಜವೇ. ಆದರೆ ಅನುಭವಿಸಿದ ಅವಮಾನದ ನೆನಪೂ ಆ ಹನ್ನೊಂದು ಸಾವಿರ ಮತಗಳಲ್ಲಿ ಸೇರಿದ್ದಿತೆನ್ನಲು ಅಡ್ಡಿಯಿಲ್ಲ.

೪

ಬಾಳೂ ಅವರ ಕಾಲದಿಂದ ನಮ್ಮ ಕಾಲಕ್ಕೆ ಬಂದರೆ, ಬೀದರದ ಓದುಗನಿಗೆ ತೀರ ಹತ್ತಿರದ ನಿದರ್ಶನ ಹೈದರಾಬಾದಿನ ಮಹಮ್ಮದ್ ಅಜರುದ್ದೀನರದು. ತಮ್ಮ ಮೊದಲ ಮೂರು ಟೆಸ್ಟುಗಳಲ್ಲಿ ಮೂರು ಶತಕಗಳನ್ನು ಗಳಿಸಿ, ೯೯ ಟೆಸ್ಟುಗಳನ್ನಾಡಿದವರು ಅವರು. ೨೦೦೦ದಲ್ಲಿ ಪಂದ್ಯಗಳ ಮೋಸದಾಟದ ಆರೋಪದ ಮೇಲೆ ಕ್ರಿಕೆಟ್ ಮಂಡಳಿ ಅವರಿಗೆ ಆಜೀವ ನಿಷೇಧ ವಿಧಿಸಿತು. ೨೦೧೨ರಲ್ಲಿ ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯ ಅದನ್ನು ಅಸಿಂಧುಗೊಳಿಸಿತು. ಈ ನಡುವೆ ೨೦೦೯ರಲ್ಲಿ, ನಿಷೇಧ ಇನ್ನೂ ಜಾರಿಯಲ್ಲಿದ್ದಾಗಲೇ, ಅವರು ಉತ್ತರಪ್ರದೇಶದ ಮುರಾದಾಬಾದಿನಿಂದ ಲೋಕಸಭೆಗೆ ಆರಿಸಿಬಂದರು. ೨೦೧೪ರಲ್ಲಿ ರಾಜಸ್ಥಾನದ ಟೋಂಕ್–ಸವಾಯಿ ಮಾಧೋಪುರದಲ್ಲಿ ಸೋತರು. ೨೦೨೩ರಲ್ಲಿ ತಮ್ಮ ನಗರದ್ದೇ ಆದ ಜುಬಿಲಿ ಹಿಲ್ಸ್ ವಿಧಾನಸಭಾ ಕ್ಷೇತ್ರದಲ್ಲಿಯೂ ಸೋತರು. ೨೦೨೫ರ ಅಕ್ಟೋಬರ್ ೩೧ರಂದು ತೆಲಂಗಾಣದ ಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದಾಗ ಅವರು ಶಾಸನಸಭೆಯ ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಅದಕ್ಕೆ ಸಂವಿಧಾನದಲ್ಲಿ ಆರು ತಿಂಗಳ ಅವಕಾಶವಿದೆ.

ಈ ನಕಾಶೆಯನ್ನು ಗಮನಿಸಬೇಕು. ಮೂರು ಚುನಾವಣೆ, ಮೂರು ರಾಜ್ಯ. ಊರಿಲ್ಲದ ಕೀರ್ತಿಯನ್ನು ಎಲ್ಲಿ ಬೇಕಾದರೂ ನೆಡಬಹುದೆಂಬ ಪಕ್ಷದ ಲೆಕ್ಕಾಚಾರ ಒಮ್ಮೆ ಫಲಿಸಿ ಎರಡನೆಯ ಸಲ ಕೈಕೊಟ್ಟಿತು. ಕೊನೆಗೆ ಸ್ವಂತ ಊರಿಗೆ ಮರಳಿದಾಗ, ಅಲ್ಲಿ ಅಷ್ಟರೊಳಗೆ ಬೇರೆಯವರು ಬೇರುಬಿಟ್ಟಿದ್ದರು.

ಇದಕ್ಕೆ ಎದುರಾಗಿ ಹರಿಯಾಣದ ಕುಸ್ತಿಪಟುಗಳನ್ನು ನೋಡಬಹುದು. ಅಲ್ಲಿ ಅಖಾಡವೆಂಬುದು ರೂಪಕವಲ್ಲ, ಊರೂರಿನಲ್ಲಿರುವ ವಸ್ತು. ಒಲಿಂಪಿಕ್ ಪದಕ ವಿಜೇತ ಯೋಗೇಶ್ವರ ದತ್ತರು ಬರೋದಾ ಕ್ಷೇತ್ರದಲ್ಲಿ ೨೦೧೯ರಲ್ಲಿಯೂ ಮರುವರ್ಷದ ಉಪಚುನಾವಣೆಯಲ್ಲಿಯೂ ಸೋತರು. ವಿನೇಶ ಫೋಗಾಟರು ಪ್ಯಾರಿಸ್ಸಿನ ಅಂತಿಮ ಪಂದ್ಯದ ಮುನ್ನ ತೂಕದ ಕಾರಣದಿಂದ ಅನರ್ಹರಾಗಿ, ನಿವೃತ್ತಿ ಘೋಷಿಸಿ, ೨೦೨೪ರ ಅಕ್ಟೋಬರಿನಲ್ಲಿ ಗಂಡನ ಮನೆಯ ಸೀಮೆಯಾದ ಜುಲಾನಾದಿಂದ ೬,೦೧೫ ಮತಗಳ ಅಂತರದಲ್ಲಿ ಗೆದ್ದರು. ಇಬ್ಬರೂ ಜಟ್ಟಿಗಳೇ, ಇಬ್ಬರೂ ಆ ಮಣ್ಣಿನವರೇ. ಪಕ್ಷ, ಜಾತಿ, ಆಯಾ ವರ್ಷದ ಗಾಳಿ ಇವು ಇಬ್ಬರ ಫಲಿತಾಂಶದಲ್ಲಿಯೂ ಸೇರಿವೆಯೆಂಬುದನ್ನು ಒಪ್ಪಬೇಕು. ಆದರೂ ಒಂದು ಭೇದ ಎದ್ದುಕಾಣುತ್ತದೆ. ೨೦೨೩ರಲ್ಲಿ ಕುಸ್ತಿ ಸಂಘದ ಅಧ್ಯಕ್ಷರ ವಿರುದ್ಧ ದೆಹಲಿಯ ಬೀದಿಯಲ್ಲಿ ವಾರಗಟ್ಟಲೆ ಕುಳಿತ ವಿನೇಶರು, ಉಮೇದುವಾರರಾಗುವ ಮೊದಲೇ ಪಕ್ಷ ವಹಿಸಿ ಅದರ ಕಷ್ಟವನ್ನು ಉಂಡಿದ್ದರು. ಮೇಲೆ ಹೇಳಿದ ಬಂಡವಾಳವನ್ನು ಅವರು ಚುನಾವಣೆಗಾಗಿ ವ್ಯಯಮಾಡಲಿಲ್ಲ; ಅದು ಮೊದಲೇ ವ್ಯಯವಾಗಿ, ಅದರ ಜಾಗದಲ್ಲಿ ಬೇರೆಯದೊಂದು ಬೆಳೆದಿತ್ತು.

ಹೊರದೇಶಗಳ ನಿದರ್ಶನಗಳೂ ಇದನ್ನೇ ಸೂಚಿಸುತ್ತವೆ. ಇಮ್ರಾನ್ ಖಾನರು ವಿಶ್ವಕಪ್ ಗೆದ್ದುದು ೧೯೯೨ರಲ್ಲಿ, ಪಕ್ಷ ಕಟ್ಟಿದುದು ೧೯೯೬ರಲ್ಲಿ, ಪ್ರಧಾನಿಯಾದುದು ೨೦೧೮ರಲ್ಲಿ. ೨೦೨೨ರಲ್ಲಿ ಅವಿಶ್ವಾಸ ನಿರ್ಣಯದಿಂದ ಪದಚ್ಯುತರಾದರು. ಲೈಬೀರಿಯದ ಫುಟ್‌ಬಾಲ್ ವೀರ ಜಾರ್ಜ್ ವಿಯಾ ೨೦೦೫ರಲ್ಲಿ ಸೋತು, ೨೦೧೮ರಲ್ಲಿ ಅಧ್ಯಕ್ಷ ಪದವಿ ವಹಿಸಿಕೊಂಡು, ೨೦೨೩ರಲ್ಲಿ ಮತ್ತೆ ಸೋತರು. ಕೀರ್ತಿ ಇವರಿಗೆ ಬಾಗಿಲು ತೆರೆದುಕೊಟ್ಟಿತು. ಒಳಗೆ ಕುಳ್ಳಿರಿಸಲು ದಶಕಗಳ ಸೋಲಿನ ಶಿಕ್ಷಣ ಬೇಕಾಯಿತು.

ಚಲನಚಿತ್ರ ನಟರೊಡನೆ ಹೋಲಿಸಿದರೆ ಆಟಗಾರನ ಸ್ಥಿತಿ ಇನ್ನಷ್ಟು ಸ್ಪಷ್ಟವಾಗುತ್ತದೆ. ೧೯೮೩ರಲ್ಲಿ ನೆರೆಯ ಆಂಧ್ರದಲ್ಲಿ ಎನ್. ಟಿ. ರಾಮರಾಯರು ಪಕ್ಷ ಕಟ್ಟಿದ ಒಂದು ವರ್ಷದೊಳಗೆ ಮುಖ್ಯಮಂತ್ರಿಯಾದರು. ಅವರು ತೆರೆಯ ಮೇಲೆ ರಾಜನಾಗಿ, ದೇವರಾಗಿ, ಬಡವರ ಬಂಧುವಾಗಿ ಮಾತನಾಡಿದ್ದರು. ನಟನ ಕೀರ್ತಿಯಲ್ಲಿ ಕಥೆಯಿದೆ, ಮಾತಿದೆ, ನ್ಯಾಯಾನ್ಯಾಯಗಳ ನಿರ್ಣಯವಿದೆ. ಆಟಗಾರನ ಕೀರ್ತಿ ಮೂಕವಾದುದು. ಅವನು ಚೆಂಡನ್ನು ಹೊಡೆದನು, ಓಡಿದನು, ಗೆದ್ದನು. ಅವನು ಏನನ್ನು ನಂಬುತ್ತಾನೆಂಬುದನ್ನು ನೋಡುಗರು ತಾವೇ ಊಹಿಸಿಕೊಂಡಿರುತ್ತಾರೆ. ಅವನು ಮಾತನಾಡತೊಡಗಿದ ದಿನ ಆ ಊಹೆಗಳಲ್ಲಿ ಅನೇಕವು ಮುರಿದುಬೀಳುತ್ತವೆ.

೫

ಕ್ರೀಡೆಯ ಕೀರ್ತಿಗೆ ಊರಿಲ್ಲವೆಂದು ಮೇಲೆ ಹೇಳಲಾಯಿತು. ಅದು ಇಂದಿನ ಮಾತು. ಎಂದೆಂದಿಗೂ ಹಾಗಿರಲಿಲ್ಲವೆಂಬುದಕ್ಕೆ ಬೀದರ ನಗರವೇ ಸಾಕ್ಷಿ. ಹಳೆಯ ಊರಿನ ನಡುವಿನ ಚೌಬಾರದ ಸುತ್ತಲಿನ ಕೇರಿಗಳಲ್ಲಿ ನೂರ್ ಖಾನ್ ತಾಲೀಮ್, ಮನಿಯಾರ್ ತಾಲೀಮ್, ಸಿದ್ದಿ ತಾಲೀಮ್ ಮೊದಲಾದ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ತಾಲೀಮು ಎಂದರೆ ಗರಡಿ. ಜಿ. ಯಜ್ದಾನಿಯವರು ಬೀದರದ ಇತಿಹಾಸವನ್ನೂ ಸ್ಮಾರಕಗಳನ್ನೂ ಕುರಿತು ೧೯೪೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ತಾಲೀಮುಗಳನ್ನು ನಗರರಚನೆಯ ಅಂಗವಾಗಿಯೇ ವರ್ಣಿಸಿದ್ದಾರೆ. ಜನ ವಾಸಿಸುವ ಕೇರಿಗೆ ಗರಡಿಯ ಹೆಸರು ಬಂದಿತೆಂದರೆ, ಅಂಗಸಾಧನೆಯ ಸ್ಥಳವೂ ನೆರೆಹೊರೆಯ ಸ್ಥಳವೂ ಒಂದೇ ಆಗಿದ್ದವೆಂದು ಊಹಿಸುವುದು ತಪ್ಪಾಗಲಾರದು. ಅಂಥ ತಾಲೀಮಿನ ಉಸ್ತಾದನ ಬಲವನ್ನಷ್ಟೇ ಅಲ್ಲದೆ ಅವನ ನಡತೆ, ಸಾಲ, ಸಿಟ್ಟು, ಔದಾರ್ಯಗಳನ್ನೂ ಕೇರಿಯವರು ಬಲ್ಲರು. ಅವನ ಮಾತಿಗೆ ಬೆಲೆ ಬಂದರೆ ಅದು ದಿನದಿನವೂ ಕಂಡು ಬಂದ ಬೆಲೆ. ಇಂದಿನ ತಾರೆಯನ್ನು ನಾವು ಕಾಣುವುದು ಪರದೆಯ ಮೇಲೆ; ಹತ್ತಿರದಿಂದ ಕಂಡೆವೆನಿಸಿದರೂ ಆ ಬಗೆಯ ಪರಿಚಯ ಅದಲ್ಲ.

ಭಾಲ್ಕಿಯಲ್ಲಿ ಸಾರ್ವಜನಿಕ ವಿಶ್ವಾಸ ಬೇರೆಯ ಬಗೆಯಲ್ಲಿ ಬೆಳೆಯಿತು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಹಿರೇಮಠದ ಚನ್ನಬಸವ ಪಟ್ಟದ್ದೇವರ ಕೆಲಸ ಎಲ್ಲರಿಗೂ ತಿಳಿದುದೇ. ಹೈದರಾಬಾದು ವಿಮೋಚನೆ, ಕರ್ನಾಟಕದ ಏಕೀಕರಣ, ಸಹಕಾರ ಸಂಘಗಳು, ಸಕ್ಕರೆ ಕಾರ್ಖಾನೆ, ವಿದ್ಯಾಸಂಸ್ಥೆ ಇವುಗಳ ಮೂಲಕ ಇಲ್ಲಿಯ ರಾಜಕಾರಣ ರೂಪುಗೊಂಡಿತು. ಮೂರು ರಾಜ್ಯಗಳು ಕೂಡುವ ಎಡೆಯಲ್ಲಿರುವ, ೨೦೦೮ರಿಂದ ಪರಿಶಿಷ್ಟ ಜಾತಿಗೆ ಮೀಸಲಾದ ಔರಾದದಲ್ಲಿ ಗಡಿಯ ಶಾಲೆ, ರಸ್ತೆ, ಭಾಷೆಗಳ ಪ್ರಶ್ನೆಗಳು ಮುಂದಾಗಿವೆ. ಇಂಥಲ್ಲಿ ಹೊರಗಿನ ತಾರೆಯೊಬ್ಬನು ನಿಂತರೆ ಸಭೆಗೆ ಜನ ಸೇರುವರು. ಆದರೆ ಪಹಣಿಯ ತಿದ್ದುಪಡಿಗಾಗಿ ತಹಸೀಲ್ದಾರರ ಕಚೇರಿಗೆ ಅಲೆಯುವವನು ಯಾರನ್ನು ಹುಡುಕಿಕೊಂಡು ಹೋಗಬೇಕು?

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗಿದೆ, ಮತ್ತು ಅದು ಬಲವಾದ ಆಕ್ಷೇಪ. ಊರಿನ ಬೇರು ಎಂಬುದನ್ನು ಹೀಗೆ ಹೊಗಳುವವರು, ಆ ಬೇರು ಮನೆತನದ ಆಸ್ತಿಯಾಗುವುದನ್ನು ಏಕೆ ನೋಡುವುದಿಲ್ಲ? ಭಾಲ್ಕಿಯನ್ನು ಭೀಮಣ್ಣ ಖಂಡ್ರೆಯವರೂ ಅನಂತರ ಅವರ ಮಗ ಈಶ್ವರ ಖಂಡ್ರೆಯವರೂ ಪ್ರತಿನಿಧಿಸಿದರು. ೨೦೨೪ರಲ್ಲಿ ಮೊಮ್ಮಗ ಸಾಗರ ಖಂಡ್ರೆಯವರು ಬೀದರ ಲೋಕಸಭಾ ಕ್ಷೇತ್ರದಿಂದ ಆರಿಸಿಬಂದರು. ಇದು ಭಾಲ್ಕಿಯೊಂದರ ಮಾತಲ್ಲ. ಕರ್ನಾಟಕದ ಅನೇಕ ಕ್ಷೇತ್ರಗಳ ಕಥೆಯೂ ಇದೇ. ಆಟಗಾರನ ಕೀರ್ತಿಯಾದರೂ ತಂದೆಯಿಂದ ಬಂದುದಲ್ಲ. ಶತಕವನ್ನು ಯಾರೂ ಉಯಿಲಿನಲ್ಲಿ ಬರೆದುಕೊಡಲಾರರು. ಆದುದರಿಂದ ಮನೆತನಗಳ ನಡುವೆ ಸ್ವಂತ ದುಡಿಮೆಯ ಹೆಸರುಳ್ಳವನು ನುಗ್ಗಿದರೆ ಪ್ರಜಾಪ್ರಭುತ್ವಕ್ಕೆ ಲಾಭವೇ ಅಲ್ಲವೆ?

ಈ ಮಾತಿನ ಅರ್ಧವನ್ನು ಒಪ್ಪಲೇಬೇಕು. ಜನ್ಮದಿಂದ ಬಂದ ಹಕ್ಕಿಗಿಂತ ದುಡಿದು ಗಳಿಸಿದ ಹೆಸರು ಮೇಲು. ಆದರೆ ಆ ದುಡಿಮೆಗೆ ಅವಕಾಶ ಎಲ್ಲಿ ದೊರೆಯುತ್ತದೆಂಬುದನ್ನೂ ಕೇಳಬೇಕು. ಮೈದಾನ, ತರಬೇತು, ಆಹಾರ, ಪ್ರವಾಸದ ಖರ್ಚು ಇವು ಬೆಂಗಳೂರಿನ ಹುಡುಗನಿಗೆ ದೊರೆತಂತೆ ಔರಾದದ ತಾಂಡಾದ ಹುಡುಗನಿಗೋ ಹುಡುಗಿಗೋ ದೊರೆಯುತ್ತವೆಯೆ? ದೊರೆಯದಿದ್ದರೆ ತಾರೆಗಳ ರಾಜಕಾರಣವೂ ಇನ್ನೊಂದು ಬಗೆಯ ಆನುವಂಶಿಕತೆಯೇ ಆಗುತ್ತದೆ. ಅದು ಮನೆತನದ್ದಾಗುವ ಬದಲು ನಗರದ್ದಾಗುತ್ತದೆ. ಇವೆರಡರ ಹೊರಗೆ ಮೂರನೆಯ ದಾರಿಯಿದೆಯೆಂಬುದಕ್ಕೆ ಈ ಜಿಲ್ಲೆಯಲ್ಲಿಯೇ ಆಧಾರವಿದೆ. ಮನೆತನದ ಬಲವೂ ತಾರೆಯ ಪ್ರಭೆಯೂ ಇಲ್ಲದ ದಲಿತ ನಾಯಕ ರಾಮಚಂದ್ರ ವೀರಪ್ಪನವರು ೧೯೬೨ರಿಂದ ೨೦೦೪ರವರೆಗಿನ ಅವಧಿಯಲ್ಲಿ ಬೀದರದಿಂದ ಏಳು ಸಲ ಲೋಕಸಭೆಗೆ ಆರಿಸಿಬಂದರು.

೬

ಕರ್ನಾಟಕದ ದೊಡ್ಡ ಆಟಗಾರರು ಈ ವಿಷಯದಲ್ಲಿ ಬಹುಮಟ್ಟಿಗೆ ಸಂಯಮ ತೋರಿದ್ದಾರೆನ್ನಬೇಕು. ಅನಿಲ ಕುಂಬ್ಳೆ, ಜಾವಗಲ್ ಶ್ರೀನಾಥರು ೨೦೧೦ರಲ್ಲಿ ಚುನಾವಣೆಯನ್ನು ಎದುರಿಸಿದುದು ರಾಜ್ಯದ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷ, ಕಾರ್ಯದರ್ಶಿ ಸ್ಥಾನಗಳಿಗಾಗಿ; ತಾವು ಬಲ್ಲ ವಿಷಯದಲ್ಲಿ, ತಮ್ಮನ್ನು ಬಲ್ಲವರ ಮತಕ್ಕಾಗಿ. ರಾಹುಲ ದ್ರಾವಿಡರು ೨೦೧೮ರ ವಿಧಾನಸಭಾ ಚುನಾವಣೆಯಲ್ಲಿ ಮತದಾನದ ಪ್ರಚಾರಕ್ಕೆ ರಾಯಭಾರಿಯಾಗಿದ್ದರು. ಮರುವರ್ಷ, ವಾಸಸ್ಥಳ ಬದಲಾದಾಗ ಹಳೆಯ ಪಟ್ಟಿಯಿಂದ ಹೆಸರು ತೆಗೆಯಲ್ಪಟ್ಟು ಹೊಸ ಪಟ್ಟಿಯಲ್ಲಿ ಸಕಾಲಕ್ಕೆ ಸೇರದೆ ಹೋದುದರಿಂದ, ಸ್ವತಃ ಅವರಿಗೇ ಮತ ಹಾಕಲಾಗಲಿಲ್ಲ. ಇದನ್ನು ಹಾಸ್ಯವಾಗಿ ಬಳಸಿದವರುಂಟು. ಇದರ ಅರ್ಥ ಹಾಸ್ಯಕ್ಕಿಂತ ದೊಡ್ಡದು. ಇಡೀ ರಾಜ್ಯಕ್ಕೆ ಪರಿಚಿತವಾದ ಮುಖಕ್ಕೂ ಮತಪಟ್ಟಿ ಕೇಳುವುದು ಒಂದೇ ಪ್ರಶ್ನೆ: ನೀವು ಇರುವುದು ಎಲ್ಲಿ?

ನಾಮನಿರ್ದೇಶನದ ದಾರಿ ಇದಕ್ಕೆ ಪರಿಹಾರವೆಂದು ಕೆಲವರು ಹೇಳುತ್ತಾರೆ. ಸಂವಿಧಾನದ ೮೦ನೆಯ ವಿಧಿ ರಾಜ್ಯಸಭೆಗೆ ನಾಮಕರಣಕ್ಕಾಗಿ ಹೆಸರಿಸಿದುದು ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆ ಎಂಬ ನಾಲ್ಕನ್ನು. ಕ್ರೀಡೆಯ ಹೆಸರು ಅಲ್ಲಿಲ್ಲ. ೨೦೧೨ರಲ್ಲಿ ಸಚಿನ್ ತೆಂಡೂಲ್ಕರರು ನಾಮಕರಣಗೊಂಡಾಗ ಈ ಪ್ರಶ್ನೆ ನ್ಯಾಯಾಲಯದವರೆಗೂ ಹೋಯಿತು. ಅವರ ವಿರಳ ಹಾಜರಿ ಅನಂತರ ಟೀಕೆಗೆ ಗುರಿಯಾಯಿತು. ಗೌರವವನ್ನು ಪದಕದಿಂದ ಸಲ್ಲಿಸಬಹುದು, ಪೀಠವಿರುವುದು ಕೆಲಸಕ್ಕೆ.

ಹಾಗಾದರೆ ನಿವೃತ್ತ ಕ್ರೀಡಾಪಟು ಚುನಾವಣೆಗೆ ನಿಲ್ಲಲೇಬಾರದೆ? ಹಾಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ. ನಾಗರಿಕನಾಗಿ ಅದು ಅವನ ಹಕ್ಕು. ಆದರೆ ಮತದಾರನಿಗೂ ಕೇಳುವ ಹಕ್ಕಿದೆ. ಆಟ ಬಿಟ್ಟ ಮೇಲಿನ ವರ್ಷಗಳನ್ನು ಎಲ್ಲಿ, ಯಾರ ನಡುವೆ ಕಳೆದಿರಿ? ಯಾವ ಜಗಳದಲ್ಲಿ ಯಾರ ಪಕ್ಷ ವಹಿಸಿ ಏನನ್ನು ಕಳೆದುಕೊಂಡಿರಿ? ಸೋತರೆ ಈ ಕ್ಷೇತ್ರದಲ್ಲಿ ಇರುವಿರಾ? ಈ ಮೂರಕ್ಕೂ ಉತ್ತರವುಳ್ಳವನ ಪದಕಗಳು ಅವನಿಗೆ ಭೂಷಣ. ಉತ್ತರವಿಲ್ಲದವನಿಗೆ ಅವು ಮರೆ. ಮನೆತನದ ಅಭ್ಯರ್ಥಿಗೂ ಇವೇ ಪ್ರಶ್ನೆಗಳನ್ನು ಹಾಕಬಹುದೆಂಬುದು ಇವುಗಳ ಇನ್ನೊಂದು ಗುಣ.

ಕೊನೆಯದಾಗಿ 'ಕಣ' ಎಂಬ ಮಾತಿನ ವಿಷಯ. ಚುನಾವಣೆಗೆ ನಾವು ಬಳಸುವ ಈ ಮ"ಾತನ್ನು 'ಅಖಾಡ'ಕ್ಕೆ ಪರ್ಯಾಯವೆಂದೇ ಎಣಿಸುತ್ತೇವೆ. ಆದರೆ ಬೀದರ ಸೀಮೆಯ ಒಕ್ಕಲಿಗನಿಗೆ ಕಣವೆಂದರೆ ಮೊದಲು ನೆನಪಿಗೆ ಬರುವುದು ಜೋಳ, ತೊಗರಿಗಳನ್ನು ಒಕ್ಕುವ ನೆಲ. ಅಖಾಡದಲ್ಲಿ ಒಬ್ಬನು ಮೇಲೆ, ಒಬ್ಬನು ಕೆಳಗೆ, ಅಲ್ಲಿಗೆ ಮುಗಿಯಿತು. ಕಣದಲ್ಲಿ ತೆನೆ ತುಳಿಸಿಕೊಳ್ಳುತ್ತದೆ, ಗಾಳಿಗೆ ತೂರಿಸಿಕೊಳ್ಳುತ್ತದೆ; ಕಾಳು ಉಳಿದು ಹೊಟ್ಟು ಹಾರುತ್ತದೆ. ಚುನಾವಣೆಯನ್ನು ನಾವು ಈ ಎರಡನೆಯ ಅರ್ಥದಲ್ಲಿ ತಿಳಿಯುವುದಾದರೆ, ಬಂದವನು ಜಟ್ಟಿಯೋ, ನಟನೋ, ನಾಯಕನ ಮಗನೋ ಎಂಬುದು ಅಷ್ಟು ಮುಖ್ಯವಾಗುವುದಿಲ್ಲ. ತೂರುವ ಕೆಲಸ ಮಾತ್ರ ಮತದಾರನದೇ. ಅದನ್ನು ಅವನ ಪರವಾಗಿ ಬೇರೆ ಯಾರೂ ಮಾಡಲಾರರು.